ಹ್ಯೂಸ್ಟನ್ನಿನ ಜಪಾನಿ ಗ್ಯಾಲರಿಗೆ ಜಗುಲಿ ಬಂದದ್ದು

ಕೋವಿಡ್ ಮುಗಿದ ಹೊಸತರಲ್ಲಿ ನಾನು ಹ್ಯೂಸ್ಟನ್ನಿನಿಂದ ಕೆಲವು ಗಂಟೆಗಳ ದಾರಿಯ ಲಾಸ್ ಕೊಲಿನಾಸ್‌ನ ಸಂಸ್ಥೆಯೊಂದರಲ್ಲಿ ಲೈಫ್ ಸೇಫ್ಟಿ ಎಂಜಿನಿಯರ್ ಆಗಿದ್ದೆ. ಬೆಂಕಿ ಬಿದ್ದರೆ ಕಟ್ಟಡದೊಳಗಿನ ಜನ ಹೇಗೆ ಹೊರಬರುತ್ತಾರೆಂದು ಮೊದಲೇ ಯೋಚಿಸಿಡುವ ಕೆಲಸ. ಎಲ್ಲ ಸರಿಯಾಗಿದ್ದರೆ ನಮ್ಮನ್ನು ಯಾರೂ ನೆನೆಯುವುದಿಲ್ಲ. ನಿವೃತ್ತಿಗೆ ಸ್ವಲ್ಪ ಮೊದಲು, ಹ್ಯೂಸ್ಟನ್ನಿನಲ್ಲಿ ಏಳುತ್ತಿದ್ದ ಜಪಾನಿ ಕಲಾ ಪ್ರದರ್ಶನಾಲಯವೊಂದು ನನ್ನ ಪಾಲಿಗೆ ಬಂತು.

ಬಣ್ಣ ಬಳಿಯದ ಕಾಂಕ್ರೀಟ್ ಗೋಡೆಗಳು, ಸೂರಿನಿಂದ ಸೋಸಿ ಬರುವ ಬೆಳಕು, ಕೆಳಗೆ ಪಾಲಿಶ್ ಕಾಣದ ಸೀಡರ್ ಮರದ ನೆಲ. ಅದರ ಮೇಲೆ ಎಲ್ಲರೂ ಬರಿಗಾಲಲ್ಲೇ ನಡೆಯಬೇಕು. ಒಸಾಕಾದ ವೃದ್ಧ ವಾಸ್ತುಶಿಲ್ಪಿಗೆ ಆ ನೆಲವೇ ಕಟ್ಟಡದ ಜೀವ. ಅವರ ಪರವಾಗಿ ಸೈಟಿನಲ್ಲಿದ್ದ ಶಿಷ್ಯೆ ಹರುಕಾ ಅದಕ್ಕೊಂದು ಗೀರೂ ಬೀಳದಂತೆ ಕಾಯುತ್ತಿದ್ದಳು.

ನಗರದ ಫೈರ್ ಇನ್‌ಸ್ಪೆಕ್ಟರ್ ಮಾತ್ರ ಒಪ್ಪಲಿಲ್ಲ. ಅಲಾರಂ ಹೊಡೆದಾಗ ಜನ ಶೂ ಹುಡುಕುತ್ತ ನಿಂತರೆ ಏನು ಗತಿ ಎಂಬುದು ಅವರ ಪ್ರಶ್ನೆ. ಜನರನ್ನು ಹೊರಗೆ ಕಳಿಸುವ ಡ್ರಿಲ್ ಮಾಡಿ ತೋರಿಸಿ, ಇಲ್ಲವಾದರೆ ಮರದ ಮೇಲೆ ವಿನೈಲ್ ಹಾಳೆ ಹಾಸಿ ಶೂ ಹಾಕಿಕೊಂಡೇ ಓಡಾಡಲು ಬಿಡಿ ಎಂದರು.

ಬಾಗಿಲಲ್ಲಿ ಚಪ್ಪಲಿ ಬಿಡಲು ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ಹಾಗಾಗಿ ಆಗಸ್ಟಿನ ಒಂದು ಶನಿವಾರ ಹ್ಯೂಸ್ಟನ್ನಿನ ಹೊರವಲಯದ ಸೈಪ್ರೆಸ್ ಸುತ್ತಿನ ಕನ್ನಡ ಕುಟುಂಬಗಳನ್ನು ಕರೆದೆ. ಬಿಸಿಬೇಳೆಬಾತ್ ಇದೆ ಎಂದ ಮೇಲೆ ತಪ್ಪಿಸಿಕೊಂಡವರಿಲ್ಲ. ಹರುಕಾ ಪ್ರವೇಶದ್ವಾರದ ಪಕ್ಕದಲ್ಲಿ ಚೆಂದದ ಶೂ ಸ್ಟ್ಯಾಂಡ್ ಇಡಿಸಿದ್ದಳು. ನಮ್ಮವರು ಅತ್ತ ನೋಡಲೂ ಇಲ್ಲ. ಸತ್ಯನಾರಾಯಣ ಪೂಜೆಗೆ ಬಂದವರಂತೆ ಬಾಗಿಲಲ್ಲೇ ರಾಶಿ ಹಾಕಿ ಒಳಗೆ ನಡೆದರು. ನನಗೆ ನಗು ಬಂತು, ಹರುಕಾಗೆ ಬರಲಿಲ್ಲ.

ಅಲಾರಂ ಹೊಡೆಯಿತು. ಜನ ಹತ್ತಿರದಲ್ಲೇ ಇದ್ದ ಹಿಂಬದಿಯ ಎಕ್ಸಿಟ್‌ವರೆಗೆ ಬಂದರು, ಹೊಸ್ತಿಲಲ್ಲಿ ನಿಂತರು, ಗಕ್ಕನೆ ತಿರುಗಿ ಮುಂಬಾಗಿಲಿನ ಚಪ್ಪಲಿ ರಾಶಿಗೆ ನುಗ್ಗಿದರು. ಇನ್‌ಸ್ಪೆಕ್ಟರ್ ತಲೆಯಲ್ಲಾಡಿಸಿದರು. ಹರುಕಾ ಬಗ್ಗಿ ಮರದ ನೆಲವನ್ನೊಮ್ಮೆ ಮುಟ್ಟಿದಳು.

ಮೊದಲು ತಿರುಗಿದವರು ಧಾರವಾಡದ ಶಾಂತಾ ಆಂಟಿ, ನಿವೃತ್ತ ವೈದ್ಯೆ. ನಾನು ರೇಗಿಯೇ ಕೇಳಿದೆ: "ಆಂಟಿ, ಬೆಂಕಿ ಅಂದ್ರೆ ಹೊರಗೆ ಓಡ್ಬೇಕು. ನೀವು ಚಪ್ಪಲಿಗೆ ವಾಪಸ್ ಬಂದ್ರಲ್ಲ!"

"ಎಲ್ಲಿ ಓಡ್ಲಿಪಾ? ಹೊರಗ ಒಂದ್ ಹೆಜ್ಜಿ ಇಟ್ ನೋಡು."

ನಾನೂ ಬರಿಗಾಲಲ್ಲಿದ್ದೆ. ಎಕ್ಸಿಟ್ ದಾಟಿ ಪಾರ್ಕಿಂಗ್ ಲಾಟಿನ ಡಾಂಬರಿನ ಮೇಲೆ ಕಾಲಿಟ್ಟೆ. ಕಾದ ಕಾವಲಿ. ಕುಣಿಯುತ್ತ ಒಳಗೆ ಬಂದ ನನ್ನನ್ನು ನೋಡಿ ಇನ್‌ಸ್ಪೆಕ್ಟರ್ ಮೊದಲ ಸಲ ನಕ್ಕರು.

ಆಗ ಹರುಕಾ ಮೆಲ್ಲಗೆ, "ಮೊದಲ ನಕ್ಷೆಯಲ್ಲಿ ಅಲ್ಲಿ ಎಂಗಾವಾ ಇತ್ತು" ಎಂದಳು. ಎಂಗಾವಾ ಎಂದರೆ ಸೂರಿನ ನೆರಳಿನಲ್ಲಿ ಚಾಚಿಕೊಳ್ಳುವ ಮರದ ಜಗುಲಿ. ಬರೀ ಅಂದಕ್ಕೆಂದು ತಿಳಿದು ಮಾಲೀಕರು ಅದನ್ನು ಕೈಬಿಟ್ಟು, ಆ ಜಾಗವನ್ನು ಕಾರುಗಳಿಗೆ ಕೊಟ್ಟಿದ್ದರು.

ಮರುದಿನವೇ ಮಾಲೀಕರ ಮುಂದೆ ಕೂತೆ. ಜಗುಲಿ ಅಲಂಕಾರವಲ್ಲ, ಎಕ್ಸಿಟ್‌ನ ಭಾಗ ಎಂದೆ. ಬಾಗಿಲ ಮಟ್ಟದಲ್ಲೇ, ಬೆಂಕಿ ತಡೆಯುವ ಮರದಲ್ಲಿ ಅದು ಹುಲ್ಲುಹಾಸಿನವರೆಗೆ ಹೋಗಬೇಕು. ಗೊಣಗುತ್ತಲೇ ಅವರು ಪಾರ್ಕಿಂಗಿನ ಒಂದು ಸಾಲನ್ನು ಬಿಟ್ಟುಕೊಟ್ಟರು.

ಮುಂದಿನ ಬೇಸಿಗೆಯ ಡ್ರಿಲ್ಲಿಗೂ ಅದೇ ಜನ, ಬಾಗಿಲಲ್ಲಿ ಅದೇ ರಾಶಿ. ಅಲಾರಂ ಹೊಡೆದಾಗ ಒಬ್ಬರೂ ಹಿಂದಿರುಗಲಿಲ್ಲ. ಜಗುಲಿ ದಾಟಿ ಹುಲ್ಲಿನ ಮೇಲೆ ನಿಂತರು. ಇನ್‌ಸ್ಪೆಕ್ಟರ್ ಸಹಿ ಹಾಕಿದರು, ಮರದ ನೆಲ ಉಳಿಯಿತು. ಶಾಂತಾ ಆಂಟಿ ಜಗುಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, "ಊಟ ಇಲ್ಲೇ ತರ್ರಿ" ಎಂದರು. ಹರುಕಾ ಒಸಾಕಾಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಆಂಟಿಯತ್ತ ತಿರುಗಿಸಿದಳು. ಆ ಕಡೆಯ ವೃದ್ಧ ವಾಸ್ತುಶಿಲ್ಪಿ ಕನ್ನಡಕ ಹಾಕಿಕೊಂಡು ಪರದೆಯತ್ತ ಬಾಗಿದರು.

ಜನರಿಗೆ ಬಾಗಿಲು ತೋರಿಸುವುದಷ್ಟೇ ನನ್ನ ಕೆಲಸವೆಂದು ಅಲ್ಲಿಯವರೆಗೆ ನಂಬಿದ್ದೆ. ಆಮೇಲೆ ನಿವೃತ್ತನಾಗುವವರೆಗೂ, ಯಾವ ಕಟ್ಟಡಕ್ಕೆ ಹೋದರೂ ಎಕ್ಸಿಟ್ ದಾಟಿ, ಶೂ ಕಳಚಿ, ಹೊರಗೊಮ್ಮೆ ನಿಂತು ನೋಡುತ್ತಿದ್ದೆ.