ಎರಡನೆಯ ಹಗ್ಗ ಹಿಡಿದ ಮೇಲೆ

ಮೂತ್ರದ ಬಣ್ಣ ಹಾಲಿಲ್ಲದ ಸುಲೇಮಾನಿ ಚಹಾದಂತಿತ್ತು.

ಬೆಳಿಗ್ಗೆ ಕಾರ್ಮಿಕರ ಕ್ಯಾಂಪಿನ ಬಾತ್‌ರೂಮಿನಲ್ಲಿ ಅದನ್ನು ನೋಡುತ್ತ ನಿಂತೆ. ಮೈಯಲ್ಲಿ ಒಂದು ಮೂಳೆಯೂ ಮುರಿದಿರಲಿಲ್ಲ. ಹಿಂದಿನ ದಿನ ಖರ್ಜೂರದ ಮರದಿಂದ ಬಿದ್ದೂ ನೆಲ ಮುಟ್ಟದೆ ಉಳಿದವನು ನಾನು. ಕ್ಯಾಂಪಿನವರೆಲ್ಲ ಬಂದು ಬೆನ್ನು ತಟ್ಟಿ ಹೋಗಿದ್ದರು. ಶುಕ್ರವಾರ ಮನೆಗೆ ಹೋದಾಗ ಹೆಂಡತಿ ಸುಜಾತಾಗೆ ನಗುತ್ತ ಹೇಳಿದರಾಯಿತು ಎಂದುಕೊಂಡು ಮಲಗಿದ್ದೆ. ಈಗ ಎಡತೊಡೆ ಬಿಗಿದು ಗಟ್ಟಿಯಾಗಿತ್ತು. ಪಾದ ಎತ್ತಲು ನೋಡಿದೆ.

ಪಾದ ಏಳಲಿಲ್ಲ.

ಅಬುಧಾಬಿಯ ಮದೀನತ್ ಜಾಯೆದ್ ಸುತ್ತಿನ ತೋಟಗಳಲ್ಲಿ ಖರ್ಜೂರದ ಮರ ಹತ್ತಿ ಒಣಗಿದ ಮಡಲು ಕಡಿಯುವುದು ನಮ್ಮ ತಂಡದ ಕೆಲಸ. ಸುಜಾತಾ ದುಬೈಯ ಶಾಲೆಯೊಂದರಲ್ಲಿ ಟೀಚರ್. ಮಗಳೊಂದಿಗೆ ಅಲ್ ನಹ್ದಾದ ಫ್ಲಾಟಿನಲ್ಲಿ ಇರುತ್ತಿದ್ದಳು. ಹತ್ತುವಾಗ ಮರವನ್ನೂ ನಮ್ಮ ಸೊಂಟವನ್ನೂ ಬಳಸಿ ಬರುವ ಅಗಲ ಪಟ್ಟಿಯೊಂದಿರುತ್ತದೆ. ಅದರಲ್ಲಿ ಒರಗಿ ಕೂತರೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಆ ವರ್ಷ ಕಂಪನಿ ಅದರ ಜೊತೆಗೆ ಇನ್ನೊಂದು ಹಾರ್ನೆಸ್ ಕೊಟ್ಟಿತ್ತು, ತೊಡೆಗೂ ಭುಜಕ್ಕೂ ಬಿಗಿಯುವಂಥದ್ದು. ಅದರ ಹಗ್ಗವನ್ನು ತಲೆಗಿಂತ ಮೇಲೆ ಮರಕ್ಕೆ ಬೇರೆಯಾಗಿ ಕಟ್ಟಬೇಕು. ಪಟ್ಟಿ ಕೈಕೊಟ್ಟರೆ ಹಗ್ಗ ಹಿಡಿಯಬೇಕು. ಸೆಕೆಗೆ ಅದೊಂದು ಹಿಂಸೆ. ಆದರೂ ಹಾಕಿಕೊಳ್ಳುತ್ತಿದ್ದೆ.

ಹಿಂದಿನ ದಿನ ಮರದ ಮೇಲಿರುವಾಗ ಪಟ್ಟಿ ತುಂಡಾಯಿತು.

ಮಡಲು ಕಡಿಯುವ ಹಲ್ಲುಗತ್ತಿ ತಗುಲಿತೋ, ಹೊಲಿಗೆ ಸವೆದಿತ್ತೋ, ಇವತ್ತಿಗೂ ಗೊತ್ತಿಲ್ಲ. ಹಗ್ಗ ಹಿಡಿಯಿತು. ಬಲಭುಜ ಮರಕ್ಕೆ ಬಡಿದು ಕೈ ಮೇಲೇಳದಂತಾಯಿತು. ಹಾರ್ನೆಸ್ಸಿನ ಒಂದು ಕಡೆಯ ಪಟ್ಟಿ ಜಾರಿ ಇಡೀ ದೇಹದ ಭಾರ ಎಡತೊಡೆಯ ಮೇಲೆ ಬಿತ್ತು. ಕಾಲಿಗೆ ಆಸರೆ ಹುಡುಕಿದೆ; ಗಾಳಿ ಮಾತ್ರ ಸಿಕ್ಕಿತು. ಕೆಳಗಿದ್ದ ಯೂಸುಫ್, ಭಟ್ಕಳದವನು, ಎಷ್ಟೋ ವರ್ಷದ ಜೊತೆಗಾರ, ಏಣಿ ತರಲು ಓಡಿದ. ಉದ್ದದ ಏಣಿ ದೂರದ ತೋಟದಲ್ಲಿತ್ತು; ಅದು ಬಂದು ನನ್ನನ್ನು ಇಳಿಸುವಷ್ಟರಲ್ಲಿ ಗಂಟೆಗಳೇ ಕಳೆದವು. ಮೊದಲು ತೊಡೆ ಉರಿಯಿತು, ಆಮೇಲೆ ಜೋಮು ಹಿಡಿಯಿತು, ಆಮೇಲೆ ಕಾಲು ಇದೆಯೆಂಬುದೇ ಮರೆತುಹೋಯಿತು. ನೋವು ನಿಂತಾಗ ಸಮಾಧಾನವಾಗಿತ್ತು ನನಗೆ. ಹೆದರಬೇಕಾಗಿದ್ದದ್ದು ಆಗಲೇ ಎಂದು ಆಮೇಲೆ ತಿಳಿಯಿತು.

ಆ ಬೆಳಿಗ್ಗೆಯೇ ಕ್ಯಾಂಪಿನವರು ಸೇರಿಸಿದ ಅಬುಧಾಬಿಯ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಡಾಕ್ಟರು ಬಿಜಾಪುರದ ಕಡೆಯವರು. ಬ್ಲಡ್ ರಿಪೋರ್ಟ್ ನೋಡಿದವರು ಕುರ್ಚಿ ಎಳೆದು ಹತ್ತಿರ ಕೂತರು.

"ನೀವು ನೆಲಕ್ಕ ಬಿದ್ದಿಲ್ಲ, ಖರೆ. ಆದ್ರ ಪಟ್ಟಿ ಒತ್ತಿ ತೊಡಿ ಸ್ನಾಯು ಸತ್ತಾವ. ಅದರ ಹೊಲಸೆಲ್ಲಾ ರಕ್ತಕ್ಕ ಬಂದು ಕಿಡ್ನಿಗೆ ಹೊಡತ ಕೊಟ್ಟದ. ಡಯಾಲಿಸಿಸ್ ಬೇಕಾಗ್ತದ."

"ಎಷ್ಟು ಕಾಲ, ಡಾಕ್ಟ್ರೇ?"

"ಕಿಡ್ನಿ ಮತ್ತ ಕೆಲಸ ಸುರು ಮಾಡೋತನಕ. ಮಾಡ್ತಾವು ಅಂತ ನಂಬಿಕಿ ಐತಿ. ಮಾತು ಕೊಡಾಕ ಆಗೂದಿಲ್ಲ."

ಸುಜಾತಾ ಬಸ್ಸಿನಲ್ಲಿ ಬಂದಳು. ಕುತ್ತಿಗೆಯ ಬಳಿ ಚುಚ್ಚಿದ್ದ ಕೊಳವೆಯನ್ನು ನೋಡಿದಳು, ಮುಖ ನೋಡಿದಳು, ಅಳಲಿಲ್ಲ. ಯಂತ್ರದಲ್ಲಿ ನನ್ನ ರಕ್ತ ಹೊರಗೆ ಹೋಗಿ ಒಳಗೆ ಬರುತ್ತಿರುವಾಗ ಮೆಲ್ಲಗೆ ಕೇಳಿದಳು.

"ಅದು ಜೀವ ಉಳಿಸುವ ಹಗ್ಗ ಅಲ್ವಾ? ಮತ್ತೆ ಇದು ಎಂತದು?"

ಆಗ ನನ್ನಲ್ಲಿ ಸಿಟ್ಟಿತ್ತು. ಲೋಟದಲ್ಲಿ ಅಳೆದು ಕೊಡುವ ನೀರಿನ ಮೇಲೆ, ಮಂಚದ ತುದಿಯಲ್ಲಿ ಸತ್ತು ಬಿದ್ದಂತಿದ್ದ ಪಾದದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಅರ್ಧಕ್ಕೆ ಹಿಡಿದು ನಿಲ್ಲಿಸಿದ ಆ ಹಾರ್ನೆಸ್ಸಿನ ಮೇಲೆ. ಬಿದ್ದಿದ್ದರೆ ಒಂದೇ ಸಲಕ್ಕೆ ಖಲಾಸ್ ಆಗುತ್ತಿತ್ತಲ್ಲ ಎಂದು ಒಮ್ಮೆ ಯೋಚಿಸಿದ್ದೂ ಉಂಟು. ಅದನ್ನು ಸುಜಾತಾಗೆ ಹೇಳಲಿಲ್ಲ. ಮಗಳು ಬಂದು ನನ್ನ ಪಾದ ಮುಟ್ಟಿ, "ಪಪ್ಪಾ, ಡಸ್ ಇಟ್ ಹರ್ಟ್?" ಎಂದಳು. ನೋವಿಲ್ಲ ಮಗಾ ಎಂದೆ. ನಿಜವೇ. ಅವಳ ಬೆರಳು ಮುಟ್ಟಿದ್ದೇ ನನಗೆ ತಿಳಿದಿರಲಿಲ್ಲ.

ವಾರಗಳು ಕಳೆದವು. ಒಂದು ಮಧ್ಯಾಹ್ನ ನರ್ಸ್ ಮೂತ್ರದ ಚೀಲ ತುಂಬುತ್ತಿರುವುದನ್ನು ನೋಡಿ ಡಾಕ್ಟರನ್ನು ಕರೆದಳು. ಅವರು ಬಗ್ಗಿ ನೋಡಿ, "ಸುರು ಆತು ನೋಡ್ರಿ," ಎಂದರು. ಸುಜಾತಾ ಆಗ ಅತ್ತಳು, ಚೀಲದ ಕಡೆಗೇ ನೋಡುತ್ತ.

ಮನೆಗೆ ಹೋಗುವ ಮುಂಚೆ ಯೂಸುಫ್ ಬಂದ. ಹಣ್ಣಿನ ಚೀಲ ಇಟ್ಟು, ನನ್ನ ಕಾಲಿಗೆ ಕಟ್ಟಿದ್ದ ಪ್ಲಾಸ್ಟಿಕ್ ಸ್ಪ್ಲಿಂಟ್ ನೋಡಿ ತಲೆ ತಗ್ಗಿಸಿದ.

"ನಾನು ಆ ಹಾರ್ನೆಸ್ ಹಾಕುವುದು ಬಿಟ್ಟಿದ್ದೇನೆ ಮಾರಾಯ. ಹಳೇ ಪಟ್ಟಿ ಒಂದೇ ಸಾಕು. ಸತ್ರೆ ಸತ್ತೆ. ನಿನ್ನ ಹಾಗೆ ನೇತಾಡ್ಲಿಕ್ಕೆ ನನ್ನಿಂದ ಆಗೂದಿಲ್ಲ."

ಸುಜಾತಾ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

"ಯೂಸುಫಣ್ಣಾ, ಇವ್ರನ್ನು ನಾನು ಕಾರಿನಲ್ಲಿ ಮನೆಗೆ ಕರ್ಕೊಂಡು ಹೋಗ್ತಾ ಇದ್ದೇನೆ. ಆ ಹಗ್ಗ ಇಲ್ಲದಿದ್ರೆ ಪೆಟ್ಟಿಗೆಯಲ್ಲಿ ಹಾಕಿ ಮಂಗಳೂರಿಗೆ ತಕೊಂಡು ಹೋಗ್ಬೇಕಿತ್ತು. ಹಗ್ಗದ್ದು ತಪ್ಪಲ್ಲ. ಇಳಿಸ್ಲಿಕ್ಕೆ ಯಾರೂ ಇರಲಿಲ್ಲ, ಅದು ತಪ್ಪು."

ಅಂದು ಏಣಿಗಾಗಿ ಓಡಿದವನು ಯೂಸುಫನೇ. ಅವನ ಕಣ್ಣು ತುಂಬಿದ್ದನ್ನು ಕಂಡು ಸುಜಾತಾ, "ನಿಮಗೆ ಹೇಳಿದ್ದಲ್ಲ ಅಣ್ಣಾ," ಎಂದು ಅವನಿಗೆ ನೀರು ಕೊಟ್ಟಳು.

ನನ್ನ ಕಿಡ್ನಿ ಈಗ ಪೂರ್ತಿಯಲ್ಲದಿದ್ದರೂ ಸಾಕಷ್ಟು ಕೆಲಸ ಮಾಡುತ್ತಿದೆ. ನಡೆಯುವಾಗ ಪಾದ ಇನ್ನೂ ನೆಲಕ್ಕೆ ತಾಗಿ ಎಳೆಯುತ್ತದೆ. ಮರ ಹತ್ತುವುದು ಮುಗಿಯಿತು. ಕಂಪನಿ ನನ್ನನ್ನು ನೆಲದ ಮೇಲಿನ ಕೆಲಸಕ್ಕೆ ಹಾಕಿದೆ. ಏಣಿ ಮರದ ಬುಡದಲ್ಲಿ ಇರದೆ ಯಾರನ್ನೂ ಹತ್ತಲು ಬಿಡುವುದಿಲ್ಲ. ಪ್ರತಿ ಹಾರ್ನೆಸ್ಸಿಗೂ ಕಾಲಿಡಲು ಒಂದು ಕುಣಿಕೆ ಕಟ್ಟಿಸಿದ್ದೇನೆ. ನೇತಾಡುವವನು ಅದರಲ್ಲಿ ನಿಂತರೆ ತೊಡೆಯ ಭಾರ ಇಳಿಯುತ್ತದೆ. ಇಷ್ಟು ಸಣ್ಣ ವಿಷಯ. ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಂದು ಕೆಲವೊಮ್ಮೆ ಅನಿಸುತ್ತದೆ. ಆ ಯೋಚನೆಯನ್ನು ಬಹಳ ದೂರ ಬೆಳೆಯಲು ಬಿಡುವುದಿಲ್ಲ.

ನಾನು ಕೆಲಸಕ್ಕೆ ಮರಳಿದ ವಾರ ಯೂಸುಫ್ ಪಟ್ಟಿ, ಹಾರ್ನೆಸ್ ಎರಡೂ ಕಟ್ಟಿಕೊಂಡು ಮರದ ಬುಡಕ್ಕೆ ಬಂದ. ನಾನು ಒಂದೊಂದೇ ಬಕಲ್ ಎಳೆದು ನೋಡಿದೆ. "ಯಲ್ಲಾ, ಹತ್ತು," ಎಂದೆ. ಅವನು ಮೇಲೆ ಇರುವಷ್ಟು ಹೊತ್ತೂ ಕತ್ತೆತ್ತಿ ನಿಂತಿದ್ದೆ.

ಇಳಿದು ಬಂದವನು, "ಕಾಲು ಜೋಮು ಹಿಡಿಯಿತು ಮಾರಾಯ," ಎಂದು ನಕ್ಕ.

ನನಗೆ ನಗು ಬರಲಿಲ್ಲ. ಮರಳಿನ ಮೇಲೆ ಅವನನ್ನು ಕೂರಿಸಿ ಶೂ ಕಳಚಿದೆ. "ಬೆರಳು ಆಡಿಸು ನೋಡುವ," ಎಂದೆ.

ಆಡಿದವು. ಆಮೇಲೆ ಇನ್ನೊಂದು ಶೂ ಕಳಚಿದೆ.