ಗಾಳಿ ಮುಚ್ಚಿದ ಗೇಟು

ಆ ನೆಲ ಖಾಲಿ ಇರಲಿಲ್ಲ. ಆಲ್ಬರ್ಟಾದ ಬೆಟ್ಟದ ತಪ್ಪಲಲ್ಲಿ ಇಂಗ್ಲಿಷರು ಗೂಟ ಹೊಡೆಯುವ ಮುಂಚೆಯೂ ಅಲ್ಲಿ ಜನ ಇದ್ದರು, ದನ ಇದ್ದವು, ಹಳ್ಳಕ್ಕೊಂದು ಹೆಸರಿತ್ತು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮರೆಯುವುದು ಒಂದು ವಿದ್ಯೆ. ಹೋರೇಸ್ ಟಿಲ್ಯಾರ್ಡನಿಗೆ ಆ ವಿದ್ಯೆ ಪೂರ್ತಿ ಹತ್ತಲಿಲ್ಲ.

ಇಂಗ್ಲೆಂಡಿನ ಶ್ರಾಪ್‌ಶೈರಿನ ಪಾದ್ರಿಯೊಬ್ಬರ ಕಿರಿಮಗ ಅವನು. ಮನೆ ದೊಡ್ಡಣ್ಣನಿಗೆ, ಚರ್ಚು ನಡುವಿನವನಿಗೆ, ಇವನಿಗೆ ಹಡಗಿನ ಟಿಕೆಟ್ಟು. ಕುದುರೆಗೆ ಇಂಗ್ಲಿಷರು ಹಾಕುವ ಚಪ್ಪಟೆ ಜೀನು ಹೊತ್ತು ಬಂದವನನ್ನು ಕಂಡು ದನಗಾಹಿಗಳು ಬಿದ್ದುಬಿದ್ದು ನಕ್ಕರು.

"ದೊರೆ, ಇದರ ಮೇಲೆ ಕೂತ್ಕೋತೀರೋ, ರೊಟ್ಟಿ ಲಟ್ಟಿಸ್ತೀರೋ?"

ಮೊದಲ ಚಳಿಗೇ ಅವನ ಕಾಲ್ಬೆರಳು ಕಪ್ಪಿಡತೊಡಗಿದವು. ಆಗ ಅವನ ಬೂಟು ಕಿತ್ತೆಸೆದು, ಹುಲ್ಲು ತುಂಬಿದ ಕಡವೆ ಚರ್ಮದ ಮೆಟ್ಟು ತೊಡಿಸಿದವಳು ದಿಣ್ಣೆಯಾಚೆಯ ಜೂಲಿ ದೆಲೋರ್ಮ್. ತಾಯಿ ಆ ನೆಲದ ಮೂಲನಿವಾಸಿ ಕ್ರೀ ಪಂಗಡದವಳು, ತಂದೆ ಫ್ರೆಂಚ್, ಗಂಡ ಸತ್ತಿದ್ದ, ಬದುಕೆಂದರೆ ಒಂದು ಗುಡಿಸಲು, ಒಂದು ಹಿಡಿ ಕೆಂಪು ದನ.

"ಬೂಟು ಕಾಲಿಗಲ್ಲಪ್ಪಾ, ಮರ್ಯಾದೆಗೆ ಹಾಕ್ಕೊಂಡಿದೀಯ ನೀನು," ಎಂದು ಬೈಯುತ್ತಲೇ ಅವನ ಪಾದ ತಿಕ್ಕಿದಳು. ಬೆರಳು ಉಳಿದವು.

ಕಾಲು ನೆಟ್ಟಗಾದ ಮೇಲೆ ಅವನು ಮಾಡಿದ ಮೊದಲ ಕೆಲಸ, ದಿಣ್ಣೆಯ ಉದ್ದಕ್ಕೂ ಮುಳ್ಳುತಂತಿ ಎಳೆದದ್ದು. ಗಾಳಿ ತಾಗದ ಕೊಳ್ಳ, ಹೆಪ್ಪುಗಟ್ಟದ ಒರತೆ ಎಲ್ಲ ಬೇಲಿಯೊಳಗಾಯಿತು. ಒಳಗೆ ಹೋಗಲು ಒಂದೇ ಗೇಟು. ಸರ್ಕಾರದ ಕಾಗದ ಅವನ ಕಡೆಗಿತ್ತು. ಜೂಲಿ ಬಂದು ತಂತಿ ಮುಟ್ಟಿ ನೋಡಿದಳು. ಜಗಳ ಮಾಡಲಿಲ್ಲ.

"ಹಾಕ್ಕೋ. ಆದ್ರೆ ಬಾತುಗಳು ದಕ್ಷಿಣಕ್ಕೆ ಹಾರಿದ್ಮೇಲೆ ಈ ಗೇಟು ತೆರೆದೇ ಇರ್ಬೇಕು. ಹಿಮಗಾಳಿ ಎದ್ರೆ ದನ ಅದಕ್ಕೆ ಬೆನ್ನು ಕೊಟ್ಕೊಂಡು ಸೀದಾ ಈ ಕೊಳ್ಳಕ್ಕೇ ಇಳಿಯೋದು. ಅವಕ್ಕೆ ಬೇರೆ ದಾರಿ ಗೊತ್ತಿಲ್ಲ."

"ಖಂಡಿತ, ಮೇಡಂ."

"ಮೇಡಂ ಅಂತೆ! ಗಂಟು ನಾನೇ ಹಾಕ್ತೀನಿ, ತಡಿ." ಹಸಿ ಚರ್ಮದ ಪಟ್ಟಿಯಿಂದ ತೆರೆದ ಗೇಟನ್ನು ಕಂಬಕ್ಕೆ ಬಿಗಿದಳು. ಒಣಗಿ ಅದು ಕಬ್ಬಿಣದಂತಾಯಿತು.

ಇಂಗ್ಲೆಂಡಿನ ಹಳ್ಳಿಯಲ್ಲಿ ಮಗು ತನ್ನ ಹೆಸರು ಕಲಿಯುವ ಮುಂಚೆ "ಗೇಟು ಹಾಕು" ಎನ್ನುವುದನ್ನು ಕಲಿಯುತ್ತದೆ. ಕುಡುಕನಿಗೂ ಸಾಲಗಾರನಿಗೂ ಅಲ್ಲಿ ಕ್ಷಮೆ ಉಂಟು. ಗೇಟು ತೆರೆದಿಟ್ಟು ದನ ಚದುರಲು ಬಿಟ್ಟವನಿಗಿಲ್ಲ. ಟಿಲ್ಯಾರ್ಡ್ ಚಿಕ್ಕಂದಿನಲ್ಲಿ ಒಮ್ಮೆ ಮರೆತಿದ್ದ. ಪಾದ್ರಿ ಅಪ್ಪ ಬೆತ್ತ ಹಿಡಿದು ಕಲಿಸಿದ್ದರು. ಆ ಪಾಠ ಅವನ ಕೈಯಲ್ಲಿ ಕೂತಿತ್ತು, ತಲೆಯಲ್ಲಲ್ಲ.

ಕ್ರಿಸ್‌ಮಸ್ ಕಳೆದು ಪಡುವಣ ಗಾಳಿ ಬೆಚ್ಚಗೆ ಬೀಸಿ ಹಿಮ ಕರಗಿದ್ದ ಒಂದು ದಿನ, ನೆರೆಯ ಕ್ಯಾಪ್ಟನ್ ಬೆಲ್‌ವುಡ್‌ನ ಮನೆಯಲ್ಲಿ ಉಂಡು ಟಿಲ್ಯಾರ್ಡ್ ಕುದುರೆಯ ಮೇಲೆ ಮರಳಿದ. ಹೊಟ್ಟೆ ತುಂಬಿತ್ತು, ಬಾಯಲ್ಲಿ ಊರ ಹಾಡಿತ್ತು. ತೆರೆದ ಗೇಟು ಕಂಡಿತು. ಇಳಿದ, ಚಾಕುವಿನ ಮೊನೆಯಿಂದ ಗಂಟು ಸಡಿಲಿಸಿ ಬಿಚ್ಚಿದ, ಗೇಟು ಎಳೆದ, ಚಿಲಕ ಹಾಕಿದ. ಸರಿಯಾಗಿ ಬಿತ್ತೇ ಎಂದು ಒಮ್ಮೆ ಅಲ್ಲಾಡಿಸಿಯೂ ನೋಡಿದ. ಸಭ್ಯನ ಕೆಲಸ.

ಮರುದಿನ ಉತ್ತರದ ಆಕಾಶ ಕಪ್ಪಾಯಿತು. ಹಿಮಗಾಳಿ ನಿಂತು ಬಾಗಿಲ ಮುಂದಿನ ರಾಶಿ ಅಗೆದು ಅವನು ಹೊರಬಂದಾಗ, ಜೂಲಿಯ ಕೆಂಪು ದನಗಳು ಗೇಟಿಗೆ ಒತ್ತಿಕೊಂಡು ನಿಂತಿದ್ದವು. ಒಂದೂ ಬಿದ್ದಿರಲಿಲ್ಲ. ನಿಂತಲ್ಲೇ ಸತ್ತಿದ್ದವು, ಕಣ್ಣು ತೆರೆದುಕೊಂಡು, ಕೊಳ್ಳದ ಕಡೆ ನೋಡುತ್ತ. ತಂತಿಯ ಕೆಳಗೆ ನುಸುಳಿದ ಒಂದು ಎಳೆಗರು ಮಾತ್ರ ಒಳಗೆ ಬದುಕಿತ್ತು.

ಜೂಲಿ ಬಂದಳು. ಅಳಲಿಲ್ಲ. "ಯಾರು ಮುಚ್ಚಿದ್ದು?"

ಅವನ ಬಾಯಿಗೆ ಬಂದದ್ದು ಒಂದೇ ಮಾತು. "ಗಾಳಿ."

"ಗಾಳೀಗೆ ಬೆರಳಿದಾವಾ? ನನ್ನ ಗಂಟು ಬಿಚ್ತಾ? ಆಮೇಲೆ ಚಿಲಕಾನೂ ಹಾಕ್ತಾ?"

ಅವನು ತಲೆ ತಗ್ಗಿಸಿದ. ತಗ್ಗಿಸಿದಲ್ಲಿ ಕಂಡದ್ದು ಕಾಲಲ್ಲಿದ್ದ ಅವಳ ಮೆಟ್ಟು. ಅವಳೂ ಅದನ್ನೇ ನೋಡುತ್ತಿದ್ದಳು.

ವಸಂತದಲ್ಲಿ ದನ ಒಟ್ಟುಗೂಡಿಸಿ, ಯಾರ ದನವೆಂದು ಕಾದ ಕಬ್ಬಿಣದಿಂದ ಮುದ್ರೆ ಹಾಕುವ ಹೊತ್ತಿಗೆ ಮಾತು ಪಂಚಾಯಿತಿಗೆ ಬಂತು. ಬೆಂಕಿಯ ಸುತ್ತ ಎಲ್ಲ ಹುಲ್ಲುಗಾವಲಿನ ಯಜಮಾನರು. ಕ್ಯಾಪ್ಟನ್ ಬೆಲ್‌ವುಡ್ ಕಟ್ಟಳೆ ಹೇಳಿದ: ಗೇಟನ್ನು ಕೈ ಮುಚ್ಚಿದ್ದರೆ ಆ ಕೈಯವನು ದನಕ್ಕೆ ದನ ಕೊಡಬೇಕು. ಗಾಳಿ ಮುಚ್ಚಿದ್ದರೆ ದೇವರ ಲೆಕ್ಕ. ಮುದ್ರೆಯಿಲ್ಲದ ಕರು ಬೇಲಿಯ ಯಜಮಾನನದು.

"ದನ ಇಲ್ದಿದ್ರೆ ನಾನಿಲ್ಲಿ ಇರೋ ಹಾಗಿಲ್ಲ," ಎಂದಳು ಜೂಲಿ. "ಅವನನ್ನ ಕೇಳಿ."

"ಟಿಲ್ಯಾರ್ಡ್, ನೀನು ಪಾದ್ರಿ ಮಗ. ನಿನ್ನ ಮಾತೇ ಸಾಕ್ಷಿ. ಹೇಳಯ್ಯಾ." ಕ್ಯಾಪ್ಟನ್ ಕಣ್ಣು ಮಿಟುಕಿಸಿದ. ಯಾರೋ ಹಿಂದಿನಿಂದ ನಕ್ಕರು: "ಇವನು ಸತ್ತರೂ ಸ್ವರ್ಗದ ಗೇಟು ಹಾಕಿಯೇ ಮುಂದೆ ಹೋಗೋದು!"

ಅಂದರೆ ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವರಿಗೆ ಬೇಕಾಗಿದ್ದುದು ಒಂದು ಮಾತು. ಅವನು ಕೊಟ್ಟ.

"ಗಾಳಿ."

ಕಾದ ಮುದ್ರೆಯನ್ನು ಅವನ ಕೈಗೇ ಕೊಟ್ಟರು. ಕೂದಲು ಸುಟ್ಟ ಹೊಗೆ ಏಳುವಾಗ ಕರು ಕೂಗಿತು. ಜೂಲಿ ಕಿವಿ ಮುಚ್ಚಿಕೊಳ್ಳಲಿಲ್ಲ. ಆ ವಾರವೇ ಬಂಡಿ ಕಟ್ಟಿ ಉತ್ತರಕ್ಕೆ ಹೋದಳು.

ಕರು ಹಸುವಾಯಿತು. ಅಷ್ಟರಲ್ಲಿ ಟಿಲ್ಯಾರ್ಡನಿಗೆ ಮದುವೆಯಾಗಿ ಮಗನೂ ಹುಟ್ಟಿದ್ದ. ಆ ಹಸುವಿನ ಹಾಲನ್ನು ಅವನು ಕುಡಿಯಲಿಲ್ಲ. ಚಹಾಕ್ಕೆ ಬಿಟ್ಟುಕೊಂಡರೂ ಚೆಲ್ಲುತ್ತಿದ್ದ. ಕೊನೆಗೊಂದು ಬೇಸಿಗೆಯಲ್ಲಿ ಅದನ್ನೂ ಅದರ ಮಕ್ಕಳನ್ನೂ ಅಟ್ಟಿಕೊಂಡು ಉತ್ತರದ ಸರೋವರದ ದಂಡೆಗೆ ಹೋದ. ಜೂಲಿ ಅಲ್ಲಿ ಯಾರದೋ ಮೀನು ಸೀಳಿ ಒಣಗಿಸುವ ಕೂಲಿಗಿದ್ದಳು. ಕೈಯ ಚಾಕು ಕೆಳಗಿಡದೆ ನೋಡಿದಳು.

"ನಿಮ್ಮ ದನ ತಂದಿದೀನಿ."

"ಮುದ್ರೆ ನಿನ್ನದೇ ಇದೆಯಲ್ಲೋ. ಇವನ್ನ ಇಟ್ಕೊಂಡ್ರೆ ನಾಳೆ ನಿಮ್ಮೋರು ನನ್ನನ್ನೇ ಕಳ್ಳಿ ಅಂತಾರೆ."

"ನಾನೇ ಮುಚ್ಚಿದ್ದು," ಎಂದ.

"ನಂಗೊತ್ತಿಲ್ಲ ಅಂದ್ಕೊಂಡ್ಯಾ? ಇಲ್ಲಿ ಮೀನಿಗೆ ಹೇಳಿ ಏನು ಬಂತು? ಎಲ್ಲಿ ಗಾಳಿ ಅಂದ್ಯೋ ಅಲ್ಲಿ ಹೋಗಿ ಹೇಳು. ದನ ಆಮೇಲೆ."

ಅವನು ದನ ಅಟ್ಟಿಕೊಂಡು ವಾಪಸು ಬಂದ. ಆ ಶರತ್ಕಾಲದ ಪಂಚಾಯಿತಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತ.

"ಆ ಗೇಟು..." ಎಂದ.

ಮುಖಗಳೆಲ್ಲ ತಿರುಗಿದವು. ಜೊತೆಗೆ ಉಂಡವರು, ಹೆರಿಗೆಗೆ ಕುದುರೆ ಕೊಟ್ಟವರು, ಅವನ ಮಗನಿಗೆ ಹೆಸರಿಟ್ಟವರು.

"ಗೇಟಿಗೇನಾಯ್ತಯ್ಯಾ?" ಎಂದ ಕ್ಯಾಪ್ಟನ್.

"ಬಣ್ಣ ಬಳೀಬೇಕು," ಎಂದು ಟಿಲ್ಯಾರ್ಡ್ ಕೂತುಬಿಟ್ಟ.

ಬಣ್ಣ ಬಳಿಯಲಿಲ್ಲ. ಮನೆಗೆ ಹೋಗಿ ಗೇಟನ್ನು ಕೀಲಿನಿಂದಲೇ ಕಿತ್ತು ಒಲೆಗೆ ಹಾಕಿದ. ಮುದುಕನಾಗುವವರೆಗೂ ಹಿಮಗಾಳಿ ಎದ್ದಾಗಲೆಲ್ಲ ಹೋಗಿ ಆ ಖಾಲಿ ಕಂಬಗಳ ನಡುವೆ ನಿಲ್ಲುತ್ತಿದ್ದ, ಯಾರೋ ಬರುವವರಿದ್ದಾರೆ ಎಂಬಂತೆ. ಅವನನ್ನು ಹೂಳಿದ ದಿನ ಪಾದ್ರಿ "ಒಳ್ಳೆಯ ನೆರೆಯವನು" ಎಂದರು. ಆ ಚಳಿಗಾಲದ ಬಗ್ಗೆ ಇವತ್ತಿಗೂ ಆ ತಪ್ಪಲಿನವರು ಹೇಳುವುದಿಷ್ಟೇ: ಬಹಳ ದನ ಸತ್ತವು, ಕೆಟ್ಟ ಗಾಳಿ.

ಒಬ್ಬ ಕೆಟ್ಟವನ ಕಥೆ ಇದಾಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ನಿಮ್ಮ ಊರಲ್ಲೂ ಗಾಳಿ ಮುಚ್ಚಿದ ಗೇಟುಗಳಿವೆ. ಬಿಚ್ಚಿದ ಗಂಟು ನೀವು ನೋಡಿದ್ದೀರಿ, ಕೈ ಯಾರದೆಂದೂ ಬಲ್ಲಿರಿ. ಮೀನಿಗೆ ಹೇಳಬೇಡಿ. ಎಲ್ಲರೂ ಕೂತಿರುವಾಗ ಎದ್ದು ನಿಂತು ಆ ಹೆಸರು ಹೇಳಿ. ನಿಮ್ಮದೇ ಆಗಿದ್ದರೆ, ಅದನ್ನೇ ಮೊದಲು ಹೇಳಿ.