ಆಫೀಸಿನ ಬಾಗಿಲಲ್ಲಿ ಎರಡು ಡಬ್ಬ

ಬಾಳೆಲೆ ಒರೆಸುತ್ತ ಕೂತಿದ್ದೆ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಅಕ್ಕಿ ಮಂಡಿಗೆ ಹೋಗಿದ್ದ ನಮ್ಮವರು ಬಂದರು. ಗೋಣಿಚೀಲ ಸೈಕಲ್ಲಿನ ಮೇಲಿರಲಿಲ್ಲ, ಮಡಚಿ ಕಂಕುಳಲ್ಲಿತ್ತು.

"ಎಸರು ಇಳಿಸು ಮಾರಾಯ್ತಿ," ಅಂದರು. "ಅಕ್ಕಿ ಇಲ್ಲ. ಯಾವಾಗ ಬರ್ತದೆ ಅಂತ ಮಂಡಿಯವನಿಗೂ ಗೊತ್ತಿಲ್ಲ."

ಅರವತ್ತರ ದಶಕದ ನಡುವೆ ಮದರಾಸಿನಲ್ಲಿ ಅಕ್ಕಿಗೆ ತತ್ವಾರ ಬಂದ ಕಾಲ ಅದು. ನುಂಗಂಬಾಕ್ಕಂನ ಒಂದು ಬೀದಿಯಲ್ಲಿ ನಮ್ಮ ಊಟದ ಮೆಸ್ಸು. ಮುಂದಿನ ಹಜಾರದಲ್ಲಿ ಇಪ್ಪತ್ತು ಎಲೆ, ಹಿಂದೆ ಅಡುಗೆಮನೆ, ಅದಕ್ಕೆ ಅಂಟಿದ ಕೋಣೆಯಲ್ಲಿ ನಮ್ಮ ಸಂಸಾರ. ಮೆಸ್ಸು ಮುಚ್ಚಿದರೆ ತಲೆಯ ಮೇಲಿನ ಸೂರೂ ಹೋಯಿತು. ಉಡುಪಿ ಕಡೆ ನಮ್ಮದು ಅನ್ನುವ ಒಂದು ಗೋಡೆಯೂ ಉಳಿದಿರಲಿಲ್ಲ. ಆಗಲೇ ಒಂದು ವಾರದಿಂದ ಮರಗೆಣಸು, ಗೋಧಿ ರವೆ ಅಂತ ಬಡಿಸಿ ಬಡಿಸಿ, ಉಣ್ಣುವವರ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ನಮ್ಮ ಎಲೆಗೆ ಕೂರುವವರು ಹೆಚ್ಚಿನವರು ಎದುರಿನ ಇನ್ಶೂರೆನ್ಸ್ ಆಫೀಸಿನವರು. "ಅವರಿಗೆ ಹೇಳಿಬಿಡ್ತೇನೆ, ನಾಳೆಯಿಂದ ಬೇರೆ ಕಡೆ ನೋಡಿಕೊಳ್ಳಲಿ," ಅಂತ ನಮ್ಮವರು ರಸ್ತೆ ದಾಟಿ ಹೋದರು. ನಾನು ದೇವರ ಮುಂದೆ ಕೂತೆ. ಏನು ಬೇಡಿಕೊಳ್ಳುವುದು ಅಂತಲೂ ತೋಚಲಿಲ್ಲ. ಕೃಷ್ಣಾ ಅಂದೆ, ಅಷ್ಟೇ.

ನಮ್ಮವರ ಹಿಂದೆಯೇ ಆಫೀಸಿನ ಮ್ಯಾನೇಜರು ಬಂದರು. ವಯಸ್ಸಾದ ತಮಿಳರು, ಮಾತು ಕಡಿಮೆ. ಅಡುಗೆಮನೆಯ ಹೊಸಿಲಿನಾಚೆ ನಿಂತು ತಮಿಳಿನಲ್ಲೇ ಹೇಳಿದರು:

"ಅಮ್ಮಾ, ದೊಡ್ಡ ಹೋಟೆಲಿನಿಂದ ಕ್ಯಾರಿಯರ್ ತರಿಸಿಕೊಳ್ಳಿ ಅಂತ ನಮ್ಮ ಹೆಡ್ ಆಫೀಸಿನವರು ಹೇಳಿದ್ದಾರೆ. ತರಿಸಿದರೆ ನೀವು ನಾಳೆಯೇ ಮುಚ್ಚುತ್ತೀರಿ. ಅಕ್ಕಿ ಒಂದು ದಿನ ಬರುತ್ತದೆ. ಬಂದಾಗ ನೀವು ಇರುವುದಿಲ್ಲ. ನನ್ನವರು ಮನೆಯಿಂದ ಅರ್ಧರ್ಧ ಪಾವು ರೇಷನ್ ಅಕ್ಕಿ ತರುತ್ತಾರೆ. ನೀವು ಬೇಯಿಸಿಕೊಡಿ. ಸಾರು, ಪಲ್ಯ ನಿಮ್ಮದು."

"ಅವರ ಮನೆಯಲ್ಲೇ ಇಲ್ಲದ್ದನ್ನು ತರಿಸುವುದಾ ಸಾರ್?" ಅಂದರು ನಮ್ಮವರು.

"ಅವರನ್ನೇ ಕೇಳಿದೆ ರಾಯರೇ. ಬಲವಂತ ಇಲ್ಲ ಅಂತಲೂ ಹೇಳಿದೆ."

ಮರುದಿನ ಬೆಳಿಗ್ಗೆ ಆಫೀಸಿನ ಮುದಿ ಪ್ಯೂನು ತಗಡಿನ ಡಬ್ಬವೊಂದನ್ನು ಹೆಗಲ ಮೇಲೆ ಹೊತ್ತು ತಂದ. ಮುಕ್ಕಾಲು ತುಂಬಿತ್ತು. ಅಕ್ಕಿ ಕಂಡ ಗಾಬರಿಯಲ್ಲೋ ಸಂತೋಷದಲ್ಲೋ ನನಗೆ ಬುದ್ಧಿ ಎಲ್ಲಿ ಹೋಗಿತ್ತೋ! ಕೆಲವರ ಮನೆಯದು ಬೆಳ್ತಿಗೆ ಅಕ್ಕಿ, ಕೆಲವರದು ಭತ್ತ ಬೇಯಿಸಿ ಮಾಡಿದ ಕುಚ್ಚಲು, ಎಲ್ಲ ಒಟ್ಟಿಗೆ ಬೆರೆತಿತ್ತು. ತೊಳೆದು ಒಂದೇ ಹಂಡೆಗೆ ಸುರಿದೆ. ಹುಟ್ಟಿದಾಗಿನಿಂದ ಎರಡೂ ಅನ್ನ ಉಂಡವಳು ನಾನು. ಬೆಳ್ತಿಗೆ ಬೆಂದು ಕರಗುವ ಹೊತ್ತಿಗೂ ಕುಚ್ಚಲು ಕಲ್ಲಿನ ಹಾಗೇ ಇರುತ್ತದೆ ಅಂತ ತಿಳಿಯದವಳಲ್ಲ.

ನೈವೇದ್ಯಕ್ಕೆ ಮುಚ್ಚಳ ತೆಗೆದರೆ ಅರ್ಧ ಮುದ್ದೆ, ಅರ್ಧ ಕಲ್ಲು. ಒಮ್ಮೆ ಬೆಂದ ಕುಚ್ಚಲು ಬೆರೆತದ್ದನ್ನು ದೇವರಿಗೆ ಇಡುವಂತೆಯೂ ಇಲ್ಲ. ಒಂದು ಚೂರು ಬೆಲ್ಲ ಇಟ್ಟೆ. ಅವನಿಗೆ ಬೆಲ್ಲ, ಉಣ್ಣುವವರಿಗೆ ಇದು.

ಹಜಾರದಲ್ಲಿ ಒಬ್ಬ ಗುಮಾಸ್ತ ಕೂಗಿದ: "ಮಾಮಿ, ಇದು ಅನ್ನವಾ, ಗೋಡೆಗೆ ಹಚ್ಚುವ ಗಾರೆಯಾ?"

"ಗಾರೆಯಲ್ಲಿ ಜಲ್ಲಿ ಇರುವುದಿಲ್ಲಪ್ಪಾ," ಅಂದ ಇನ್ನೊಬ್ಬ. "ಇದರಲ್ಲಿ ಅದೂ ಉಂಟು."

ಎಲ್ಲರೂ ನಕ್ಕರು. ಬಾಗಿಲ ಮರೆಯಲ್ಲಿ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ತಮ್ಮ ಮಕ್ಕಳ ಬಾಯಿಂದ ಉಳಿಸಿ ತಂದ ಅಕ್ಕಿ ಅದು, ಕೆಡಿಸಿದ್ದೆ. ಇನ್ನು ಯಾರು ತರುತ್ತಾರೆ? ಅಷ್ಟರಲ್ಲಿ ಮ್ಯಾನೇಜರು ಬಂದು ಕೊನೆಯ ಎಲೆಗೆ ಕೂತರು. ಎಂದೂ ನಮ್ಮಲ್ಲಿ ಉಂಡವರಲ್ಲ, ಮನೆಯಿಂದ ಡಬ್ಬಿ ಬರುತ್ತಿತ್ತು. ಸಾರು ಕಲಸಿ, ಅಗಿದು ಅಗಿದು, ಒಂದು ಅಗುಳೂ ಬಿಡದೆ ಉಂಡರು. ನಗು ತಾನಾಗಿ ನಿಂತಿತು.

ಕೈ ತೊಳೆದು ನಮ್ಮವರನ್ನು ಕೇಳಿದರು: "ಬೇರೆ ಬೇರೆ ಬೇಯಿಸಬೇಕೋ?"

"ಹೌದು ಸಾರ್. ಕುಚ್ಚಲಿಗೆ ಹೊತ್ತು ಜಾಸ್ತಿ ಬೇಕು."

ಮರುದಿನದಿಂದ ಆಫೀಸಿನ ಬಾಗಿಲಲ್ಲಿ ಎರಡು ಡಬ್ಬ. ಒಂದಕ್ಕೆ ಬೆಳ್ತಿಗೆ, ಒಂದಕ್ಕೆ ಕುಚ್ಚಲು, ಗುರುತಿಗೆ ಸುಣ್ಣದ ಗೆರೆ. ಬೆಳ್ತಿಗೆಯವರು ಮೊದಲ ಪಂಕ್ತಿಗೆ, ಕುಚ್ಚಲಿನವರು ಮುಕ್ಕಾಲು ಗಂಟೆ ಬಿಟ್ಟು. ಅದಕ್ಕೆ ಸರಿಯಾಗಿ ಅವರ ಊಟದ ಬಿಡುವನ್ನೇ ಮ್ಯಾನೇಜರು ಎರಡು ಭಾಗ ಮಾಡಿದ್ದರು. ಸೌದೆ ಒಣಗಿತ್ತು, ಬಾವಿಯಲ್ಲಿ ನೀರಿತ್ತು, ದೇವರಿಗೆ ಬೆಳ್ತಿಗೆ ಅನ್ನ ಸಿಗುತ್ತಿತ್ತು. ಇಷ್ಟನ್ನು ದಿನಾ ಎಣಿಸಿಕೊಳ್ಳುತ್ತಿದ್ದೆ, ಎಣಿಸಲು ಬೇರೇನೂ ಇರಲಿಲ್ಲ.

ಆದರೆ ಡಬ್ಬ ದಿನದಿನಕ್ಕೆ ಹಗುರವಾಗುತ್ತ ಬಂತು. ಡಬ್ಬ ಶುರುವಾದ ಎರಡನೆಯ ಶನಿವಾರ ಪ್ಯೂನು ಹೆಗಲ ಮೇಲೆ ಹೊರಲಿಲ್ಲ, ಎರಡನ್ನೂ ಒಂದೇ ಕೈಯಲ್ಲಿ ತೂಗಾಡಿಸುತ್ತ ತಂದ. ಬೆಳ್ತಿಗೆಯದು ಖಾಲಿ. ಕುಚ್ಚಲು ತಳ ಮುಚ್ಚುವಷ್ಟು. ಅವನು ಪಂಚೆಯ ಗಂಟು ಬಿಚ್ಚಿ ತನ್ನದೊಂದು ಹಿಡಿಯನ್ನೂ ಅದಕ್ಕೇ ಹಾಕಿದ.

"ಅವರವರ ಮನೆಯಲ್ಲೂ ಇಲ್ಲಮ್ಮಾ," ಅಂದ, ತಾನೇ ತಪ್ಪು ಮಾಡಿದವನ ಹಾಗೆ.

ನಮ್ಮವರು ಹಜಾರದ ಬಾಗಿಲು ಎಳೆಯಲು ಎದ್ದರು. "ಇನ್ನೆಂತ ಮಾಡುದು? ಇಷ್ಟರಲ್ಲಿ ಯಾರಿಗೆ ಬಡಿಸ್ತಿ?"

"ತೆರೆದಿರಬೇಕಂತೆ," ಅಂದ ಪ್ಯೂನು. "ಅರ್ಧರ್ಧ ಊಟ ಹಾಕಿ ಅಂತ ಮ್ಯಾನೇಜರಯ್ಯಾ ಹೇಳಿದ್ದಾರೆ. ಎಲ್ಲರೂ ಬರುತ್ತಾರೆ. ಗಂಜಿಯಾದರೂ ಸರಿ."

ನಮ್ಮವರು ಬಾಗಿಲನ್ನು ಗೋಡೆಗೆ ಸರಿಸಿ, ಗಾಳಿಗೆ ಮುಚ್ಚದ ಹಾಗೆ ಇಟ್ಟಿಗೆ ಒತ್ತಿಟ್ಟರು.

ಸೋಮವಾರಕ್ಕೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ಡಬ್ಬವನ್ನು ಮೊರಕ್ಕೆ ಬಗ್ಗಿಸಿ, ಕಲ್ಲು ಆರಿಸಲು ಕೂತೆ.